ಕ್ಯಾಪ್ಟನ್ ಕೋಳಿಯ ಎಡೆ

ಹೂವಪ್ಪನ ಜೀವಮಾನವೆಲ್ಲ ಬಾಗಿಲ ಹಿಂದೆ ನಿಂತೇ ಕಳೆಯಿತು ಎಂದರೆ ಹೊಸನಗರದಲ್ಲಿ ಯಾರೂ ಅದನ್ನು ಬೈಗುಳ ಎಂದುಕೊಳ್ಳುವುದಿಲ್ಲ. ಅದು ಅವನ ಕೆಲಸವೇ ಆಗಿತ್ತು. ಊರಾಚೆಯ ಗುಡ್ಡದ ಮೇಲೆ, ಹಿನ್ನೀರು ಕಾಣುವ ಹಾಗೆ ಕಟ್ಟಿದ ಹಳೆಯ ಪ್ರವಾಸಿ ಮಂದಿರಕ್ಕೆ ಅವನು ಮೇಟಿ. ಪ್ರವಾಸಿ ಮಂದಿರ ಎನ್ನುವುದು ಬೋರ್ಡಿನ ಮೇಲಿನ ಹೆಸರು. ಜನರ ಬಾಯಲ್ಲಿ ಅದು ಐಬಿ. ಮೇಟಿ ಎಂದರೆ ಜಗಲಿ ಗುಡಿಸುವುದರಿಂದ ಹಿಡಿದು ಸಾಹೇಬರಿಗೆ ಕೋಳಿ ಬೇಯಿಸಿ ಬಡಿಸುವ ತನಕ ಎಲ್ಲವೂ ಒಬ್ಬನೇ. ಬಡಿಸಿದ ಮೇಲೆ ಒಳಬಾಗಿಲ ಹಿಂದೆ ನಿಲ್ಲಬೇಕು. ಕಣ್ಣಿಗೆ ಬೀಳಬಾರದು, ಕರೆದ ಕೂಡಲೇ ಎದುರಿಗಿರಬೇಕು. ಇದು ಹೇಳಿದಷ್ಟು ಸುಲಭವಲ್ಲ, ಬೇಕಾದರೆ ಒಂದು ದಿನ ಮಾಡಿ ನೋಡಿ.

ಅವನಿಗೆ ಈ ವಿದ್ಯೆ ಕಲಿಸಿದ್ದು ಅವನಿಗಿಂತ ಮುಂಚೆ ಅಲ್ಲಿದ್ದ ಸವೇರಿಯಪ್ಪ. ಬೆಂಗಳೂರು ದಂಡಿನ ಕಡೆಯಿಂದ ಬಂದ ಮುದುಕ. ಅವನ ಅಪ್ಪ ಬಿಳಿ ದೊರೆಗಳಿಗೆ ಬಟ್ಲರ್ ಆಗಿದ್ದನಂತೆ. ಆ ಕಾಲದಿಂದ ಅಪ್ಪನ ಕೈಯಿಂದ ಮಗನ ಕೈಗೆ ಬಂದದ್ದು ಒಂದು ಕೋಳಿಯ ಅಡುಗೆ. ತುಪ್ಪದಲ್ಲಿ ಈರುಳ್ಳಿಯನ್ನು ಕಂದುಬಣ್ಣಕ್ಕೆ ಹುರಿದು, ಅರ್ಧ ತೆಗೆದಿಟ್ಟು, ಉಳಿದರ್ಧದಲ್ಲಿ ಕೋಳಿ ಬಾಡಿಸಿ, ಅರಿಸಿನ, ಚೂರು ಶುಂಠಿ, ಟೊಮೇಟೊ, ಹೆಸರಿಗೆಂಬಂತೆ ನಾಲ್ಕು ಕಾಳುಮೆಣಸು ಹಾಕಿ, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಸುರಿದು ಬಿಟ್ಟುಬಿಡುವುದು. ಅದು ತನ್ನ ನೀರಲ್ಲೇ ಬೆಂದು ಮೆತ್ತಗಾದಾಗ ಒಣದ್ರಾಕ್ಷಿ, ಗೋಡಂಬಿ, ತೆಗೆದಿಟ್ಟ ಈರುಳ್ಳಿ ಮೇಲೆ ಉದುರಿಸಬೇಕು. ಖಾರ ತಾಳದ ದೊರೆಗಳ ನಾಲಿಗೆಗೆಂದೇ ಹುಟ್ಟಿದ ಅಡುಗೆ. ಯಾವನೋ ಒಬ್ಬ ಕ್ಯಾಪ್ಟನ್‌ಗೆ ಬಹಳ ಹಿಡಿಸಿತ್ತಂತೆ, ಅದಕ್ಕೇ ಅದು ಕ್ಯಾಪ್ಟನ್ ಕೋಳಿ. ಯಾವ ಕ್ಯಾಪ್ಟನ್, ಎಲ್ಲಿಯವನು ಎಂದು ಸವೇರಿಯಪ್ಪನಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳುತ್ತಿದ್ದ.

ದೊರೆಗಳು ಹೋಗಿ ಎಂಜಿನಿಯರುಗಳು ಬಂದರು, ಮಂತ್ರಿಗಳು ಬಂದರು. ಅವರಲ್ಲೂ ಹೊಟ್ಟೆಹುಣ್ಣು, ಬಿಪಿ ಇದ್ದವರು ಇದ್ದೇ ಇದ್ದರು. ಹಾಗಾಗಿ ಕ್ಯಾಪ್ಟನ್ ಕೋಳಿ ಉಳಿದುಕೊಂಡಿತು. ಸವೇರಿಯಪ್ಪ ಊರು ಬಿಡುವಾಗ ಹೂವಪ್ಪನಿಗೆ ಒಂದೇ ಒಂದು ಮಾತು ಹೇಳಿದ್ದ. "ನೋಡು, ಊಟ ಮಾಡೋರ ಮುಖ ನೋಡಬೇಡ. ಅವರಿಗೆ ಹಿಂಸೆ ಆಗ್ತದೆ. ತಟ್ಟೆ ನೋಡು. ತಟ್ಟೆ ಖಾಲಿ ಆಯ್ತು ಅಂದ್ರೆ ನೀನು ಗೆದ್ದೆ." ಹೂವಪ್ಪ ಅದನ್ನು ದೇವರ ವಾಕ್ಯದಂತೆ ನಡೆಸಿದ. ಎಷ್ಟೋ ಮಂತ್ರಿಗಳಿಗೆ ಬಡಿಸಿದ್ದಾನೆ, ಮುಖ ಹೇಗಿತ್ತು ಎಂದರೆ ಹೇಳಲಾರ. ಯಾರು ಮೂಳೆಯನ್ನು ತಟ್ಟೆಯ ಯಾವ ಅಂಚಿಗೆ ಇಡುತ್ತಿದ್ದರು ಎಂದು ಕೇಳಿ, ಈಗಲೂ ಹೇಳುತ್ತಾನೆ.

ಈ ಕೋಳಿಯ ಬಗ್ಗೆ ಊರಲ್ಲಿ ಯಾರಿಗಾದರೂ ಎಳ್ಳಷ್ಟೂ ಗೌರವ ಇರಲಿಲ್ಲವೆಂದರೆ ಅದು ಅವನ ಹೆಂಡತಿ ಜಲಜಮ್ಮನಿಗೆ.

ಜಲಜಮ್ಮ ಸಾಗರದ ಕಡೆಯ ಹೆಣ್ಣು. ಅವಳ ಕೋಳಿ ಸಾರಿಗೆ ದೀವರ ಕೇರಿಯಲ್ಲೆಲ್ಲ ಹೆಸರಿತ್ತು. ಒಣಮೆಣಸು, ಕಾಳುಮೆಣಸು ಎರಡನ್ನೂ ಹುರಿದು, ಸುಟ್ಟ ಕಾಯಿ ಹಾಕಿ ಕಲ್ಲಲ್ಲಿ ಅರೆದು ಮಾಡಿದ ಸಾರನ್ನು ಕಡುಬಿನ ಜೊತೆ ಉಂಡವರು ಮೂಗೊರೆಸಿಕೊಳ್ಳುತ್ತ ಇನ್ನೊಂದು ಸೌಟು ಕೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೂವಪ್ಪ ತನ್ನ ಐಬಿಯ ಅಡುಗೆಯನ್ನು ವರ್ಣಿಸಿದಾಗ ಅವಳು ಬಾಯಿಗೆ ಸೆರಗು ಹಿಡಿದು ಕೇಳಿದ್ದಳು.

"ದ್ರಾಕ್ಷಿ ಹಾಕ್ತೀರಾ? ಗೋಡಂಬಿನೂ ಹಾಕ್ತೀರಾ? ಅದು ಸಾರಲ್ಲ ಮಾರಾಯ್ರೇ, ಕೋಳಿ ಪಾಯಸ!"

ಅವತ್ತಿನಿಂದ ಅದು ಆ ಮನೆಯಲ್ಲಿ ಕೋಳಿ ಪಾಯಸವೇ ಆಗಿಹೋಯಿತು. ಮಗಳು ವಿನಯಾ ಹುಟ್ಟಿ ಮಾತು ಕಲಿತ ಮೇಲೆ ಅವಳೂ ಹಾಗೇ ಅಂದಳು. ಹೂವಪ್ಪನಿಗೆ ಒಳಗೊಳಗೇ ಸಿಟ್ಟಿತ್ತು. ಇವರಿಗೇನು ಗೊತ್ತು ಎಂದುಕೊಂಡು ಆ ಅಡುಗೆಯನ್ನು ಒಮ್ಮೆಯೂ ಮನೆಯಲ್ಲಿ ಮಾಡಲಿಲ್ಲ. ಐಬಿಯಲ್ಲಿ ಎಲ್ಲರೂ ಉಂಡು ಮಲಗಿದ ಮೇಲೆ ಹಸಿವು ಸತ್ತು ಮನೆಗೆ ಬರುವನು. ಜಲಜಮ್ಮ ಬಡಿಸುವಳು, ಅವನು ನಾಲ್ಕು ತುತ್ತು ನುಂಗಿ ಏಳುವನು. ಅವನು ಎದ್ದ ಮೇಲೆ ಅವಳು ಒಲೆಯ ಬದಿಗೆ ಕೂತು ಉಣ್ಣುವಳು. ಗಂಡ ಹೆಂಡತಿ ಎದುರುಬದುರು ಕೂತು ಉಂಡದ್ದು ಮದುವೆಯ ದಿನ ಮಾತ್ರ, ಅದೂ ಒಂದೇ ಎಲೆಯಲ್ಲಿ, ನೆಂಟರಿಷ್ಟರ ಗಲಾಟೆಯ ನಡುವೆ. ಅವತ್ತು ಜಲಜಮ್ಮ ನಾಚಿಕೆಯಿಂದ ತುತ್ತೆತ್ತಲೇ ಇಲ್ಲ. ಹೂವಪ್ಪನೂ ಎಲೆಯನ್ನೇ ನೋಡುತ್ತ ಬೇಗ ಬೇಗ ಉಂಡು ಎದ್ದಿದ್ದ.

ಅವನು ನಿವೃತ್ತನಾದ. ಐಬಿಗೆ ಹೊಸ ಮೇಟಿ ಬಂದ. ಈಗ ಬರುವ ಸಾಹೇಬರು ಮೊಬೈಲಲ್ಲೇ ಹೋಟೆಲಿಗೆ ಹೇಳಿ ಬಿರಿಯಾನಿ ತರಿಸಿಕೊಳ್ಳುತ್ತಾರೆ. ಮುಚ್ಚಳದ ಮೇಲೆ ಕೆಂಡ ಸುರಿಯುವ ಆ ದಪ್ಪ ತಳದ ಪಾತ್ರೆ ಹೊಸ ಮೇಟಿಗೆ ಬೇಡವಾಗಿತ್ತು. ಹೂವಪ್ಪ ಅದನ್ನು ಕೇಳಿ ಮನೆಗೆ ತಂದಿಟ್ಟುಕೊಂಡ. ಜಲಜಮ್ಮ ಅದರಲ್ಲಿ ಕೋಳಿಗಳಿಗೆ ನೀರಿಟ್ಟಳು.

ಆಮೇಲೆ ಅವಳ ಬಾಯಲ್ಲಿ ಹುಣ್ಣಾಯಿತು.

ಜಲಜಮ್ಮನ ಬಾಯಿ ಖಾಲಿ ಇದ್ದದ್ದನ್ನು ನೋಡಿದವರಿಲ್ಲ. ಎಲೆ, ಅಡಿಕೆ, ಸುಣ್ಣ, ಒಂದು ಎಸಳು ಹೊಗೆಸೊಪ್ಪು. ಬಲಗೆನ್ನೆಯೊಳಗೆ ಅದಕ್ಕೊಂದು ಜಾಗವೇ ಇತ್ತು, ಹುಣ್ಣೂ ಅಲ್ಲೇ ಎದ್ದಿತು. ಸುಣ್ಣ ಜಾಸ್ತಿಯಾಗಿ ಸುಟ್ಟಿದೆ ಎಂದುಕೊಂಡು ತುಪ್ಪ ಸವರಿಕೊಂಡು ಸುಮ್ಮನಿದ್ದಳು. ರಿಪ್ಪನ್‌ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ವಿನಯಾ ಒಂದು ದಿನ ಬಂದವಳು ಬಲವಂತವಾಗಿ ಬಾಯಿ ತೆಗೆಸಿ ನೋಡಿದಳು. ಅಂಗಡಿಗೆ ಬೀಗ ಹಾಕಿ ಅಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಕ್ಯಾನ್ಸರು, ಕತ್ತರಿಸುವ ಹಂತ ದಾಟಿದೆ ಅಂದರು. ಕರೆಂಟ್, ಅಂದರೆ ರೇಡಿಯೇಶನ್, ಕೊಡೋಣ ಅಂದರು. ಕೊಟ್ಟರು. ಮನೆಗೆ ಬಂದಾಗ ಜಲಜಮ್ಮನ ಕೆನ್ನೆ ಕಪ್ಪಾಗಿ, ಬಾಯೊಳಗೆಲ್ಲ ಬೆಂದುಹೋಗಿತ್ತು.

ಖಾರದ ಒಂದು ಹನಿ ತಾಗಿದರೆ ಸಾಕು, ಅವಳು ಎರಡೂ ಕೈಯಲ್ಲಿ ಗಲ್ಲ ಹಿಡಿದು ಗೋಡೆಗೆ ಮುಖ ಮಾಡುವಳು. ಊರೇ ಮೂಗೊರೆಸಿಕೊಳ್ಳುವ ಹಾಗೆ ಖಾರ ಉಣಿಸಿದ ಹೆಂಗಸು. ಗಂಜಿ, ಮಜ್ಜಿಗೆ ಅನ್ನ, ಮತ್ತೆ ಗಂಜಿ. ಹೂವಪ್ಪ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಏನಾದರೂ ಮಾಡಬೇಕು, ತನ್ನ ಕೈಯಿಂದ ಏನಾದರೂ ಆಗಬೇಕು ಎನ್ನುವುದೊಂದೇ ಅವನ ತಲೆಯಲ್ಲಿ. ಕೋಳಿಗಳು ನೀರು ಕುಡಿಯುತ್ತಿದ್ದ ಆ ಪಾತ್ರೆಯ ಮೇಲೆ ಅವನ ಕಣ್ಣು ಬಿತ್ತು. ಖಾರ ತಾಳದ ಬಾಯಿಗೆಂದೇ ಇರುವ ಅಡುಗೆ ಊರಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ!

ಬೂದಿ, ಹುಣಿಸೆಹಣ್ಣು ಹಾಕಿ ಪಾತ್ರೆ ತಿಕ್ಕಿದ. ಎಳೆಯ ಹುಂಜ ಕೊಯ್ದ. ಇದ್ದ ನಾಲ್ಕು ಕಾಳುಮೆಣಸನ್ನೂ ಬಿಟ್ಟ. ಮಾಂಸವನ್ನು ಬೆರಳಲ್ಲಿ ಮುಟ್ಟಿದರೆ ಬಿಟ್ಟುಕೊಳ್ಳುವಷ್ಟು ಬೇಯಿಸಿ, ಮೂಳೆ ತೆಗೆದು, ದ್ರಾಕ್ಷಿಯನ್ನು ಚಮಚೆಯಲ್ಲಿ ಅರೆದು, ಮೆತ್ತಗಿನ ಅನ್ನದ ಮೇಲೆ ಹಾಕಿ ಒಳಗೆ ತಂದ. ಒಳಕೋಣೆಯಲ್ಲಿ ಜಲಜಮ್ಮ ದಿಂಬಿಗೊರಗಿ ಕೂತಿದ್ದಳು. ತಟ್ಟೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಕೋಳಿ ಪಾಯಸನಾ?"

"ಹೂಂ. ಉಂಡು ನೋಡು. ಉರಿಯಲ್ಲ."

ತಟ್ಟೆ ಅವಳ ಮುಂದಿಟ್ಟು ಹೂವಪ್ಪ ಹೊರಗೆ ಬಂದ. ಬಂದವನು ಬಾಗಿಲ ಹಿಂದೆ ನಿಂತ. ಕಾಲುಗಳೇ ಅಲ್ಲಿಗೆ ಹೋಗಿ ನಿಂತುಕೊಂಡವು ಎಂದರೆ ಸರಿಯಾದೀತು. ಬಾಗಿಲು ಮತ್ತು ದಾರಂದದ ನಡುವಿನ ಸಂದಿಯಿಂದ ತಟ್ಟೆ ಮಾತ್ರ ಕಾಣುತ್ತಿತ್ತು. ಒಂದು ಕೈ ಬಂತು, ತುತ್ತು ಎತ್ತಿತು, ಹೋಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಬಂತು.

"ಎಲ್ಲಿ ಹೋದ್ರಿ?" ಎಂದಳು ಜಲಜಮ್ಮ ಒಳಗಿಂದ. ನಾಲಿಗೆ ಹೊರಳದೆ ಅವಳ ಮಾತು ಮಗುವಿನ ಮಾತಿನ ಹಾಗಾಗಿತ್ತು. "ಬನ್ನಿ, ಇಲ್ ಕೂತ್ಕಳಿ."

"ಇಲ್ಲೇ ಇದೀನಿ. ನೀ ಉಣ್ಣು."

"ನೀವೂ ಒಂದ್ ತಟ್ಟೆಗೆ ಹಾಕ್ಕಂಡ್ ಬನ್ನಿ."

"ನಂದು ಆಮೇಲೆ. ಎಂತಾರೂ ಬೇಕಾದ್ರೆ ಕರಿ."

ತಟ್ಟೆ ಖಾಲಿಯಾಯಿತು. ಹೂವಪ್ಪನಿಗೆ ಆದ ಸಂತೋಷವನ್ನು ಏನೆಂದು ಹೇಳುವುದು! ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋಗಿ, ಯಾರೂ ಕೇಳದಿದ್ದರೂ, ನಮ್ಮನೆಯವಳು ಇವತ್ತು ಒಂದು ತಟ್ಟೆ ಅನ್ನ ಉಂಡಳು ಎಂದು ಹೇಳಿಕೊಂಡು ಬಂದ. ಮಂತ್ರಿಗಳ ತಟ್ಟೆ ಖಾಲಿಯಾದಾಗಲೂ ಅವನು ಹಾಗೆ ಬೀಗಿದ್ದಿಲ್ಲ.

ಅಲ್ಲಿಂದ ಮುಂದೆ ಜಲಜಮ್ಮನೇ ಕೇಳತೊಡಗಿದಳು. "ಇವತ್ತು ಮಾಡ್ರಿ ನಿಮ್ ಪಾಯಸ." ಅವನು ಮಾಡುವನು, ತಂದಿಡುವನು, ಬಾಗಿಲ ಹಿಂದೆ ನಿಲ್ಲುವನು. ಅವಳು ಪ್ರತಿಸಲವೂ ಕೂರಲು ಕರೆಯುವಳು. ಇವನು ಪ್ರತಿಸಲವೂ ಆಮೇಲೆ ಎನ್ನುವನು. ಒಮ್ಮೆ ಅವಳ ಒತ್ತಾಯಕ್ಕೆ ಒಳಗೆ ಬಂದು ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತ. ಕೂತವನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಕಣ್ಣು ಎಲ್ಲಿಡುವುದು, ಕೈ ಎಲ್ಲಿಡುವುದು ತಿಳಿಯಲಿಲ್ಲ. ಅವಳು ತುತ್ತು ಬಾಯಿಗಿಡುವ ಮೊದಲೇ "ನೀರು ತರ್ತೀನಿ ತಡಿ" ಎಂದು ಎದ್ದುಬಿಟ್ಟ. ನೀರಿನ ಚೊಂಬು ಅವಳ ಪಕ್ಕದಲ್ಲೇ ಇತ್ತು. ಹೂವಪ್ಪನಂಥ ಒಳ್ಳೆಯ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಕೇರಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಒಳ್ಳೆಯವನೇ. ಆದರೆ ಒಳ್ಳೆಯವರ ದಡ್ಡತನಕ್ಕೆ ಮದ್ದಿಲ್ಲ.

ಕೊನೆಗೆ ಅವಳ ಕೈ ಮೇಲೇಳದಾಯಿತು. ವಿನಯಾ ಬಂದು ಮನೆಯಲ್ಲೇ ಉಳಿದುಕೊಂಡು ಚಮಚೆಯಲ್ಲಿ ಉಣಿಸಿದಳು. ಒಂದು ಮಧ್ಯಾಹ್ನ ತಟ್ಟೆ ಅರ್ಧಕ್ಕೇ ಹಿಂದೆ ಬಂತು. ಹೂವಪ್ಪ ತಟ್ಟೆ ಹಿಡಿದುಕೊಂಡೇ ಒಳಗೆ ಹೋದ.

"ಯಾಕೆ ಬಿಟ್ಟೆ? ಉಪ್ಪು ಜಾಸ್ತಿ ಆಯ್ತಾ?"

ಜಲಜಮ್ಮ ಕಣ್ಣು ತೆರೆದಳು. "ಎಲ್ಲಾ ಸರಿಯಾಗಿತ್ತು," ಎಂದಳು. ಆಮೇಲೆ, "ನೀವು ಕೂರ್ಲಿಲ್ಲ. ಅಷ್ಟೇಯ," ಎಂದಳು.

"ನಾಳೆ ಕೂರ್ತೀನಿ ಬಿಡು. ನಾಳೆ ಖಂಡಿತ."

ಅವಳು ನಕ್ಕಳೋ ಏನೋ, ಆ ಕೆನ್ನೆಯಲ್ಲಿ ನಗು ತಿಳಿಯುವ ಹಾಗಿರಲಿಲ್ಲ. ನಾಳೆ ಬೆಳಗಾಗುವಷ್ಟರಲ್ಲಿ ಅವಳು ಹೋಗಿದ್ದಳು.

ತಿಥಿಯ ದಿನ ಮನೆ ತುಂಬ ಜನ. ಹಿತ್ತಿಲಲ್ಲಿ ಮೂರು ಒಲೆ ಹೂಡಿದ್ದರು. ಸತ್ತವರಿಗೆ ಎಡೆ ಇಡುವಾಗ ಅವರಿಗೆ ಬದುಕಿದ್ದಾಗ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ ಬಡಿಸಬೇಕು. ಇಷ್ಟದ್ದು ಸಿಗದಿದ್ದರೆ ಅವರು ತೃಪ್ತಿಯಿಲ್ಲದೆ ಅಲೆಯುತ್ತಾರೆ. ಜಲಜಮ್ಮನ ಅಣ್ಣ ನಾಗರಾಜಪ್ಪ ಸಾಗರದಿಂದ ಬಂದು ಯಜಮಾನಿಕೆ ವಹಿಸಿಕೊಂಡಿದ್ದ. ಕೋಳಿ ಸಾರಿಗೆ ಮೆಣಸು ಸಾಲದು, ಇನ್ನೂ ಹುರಿಯಿರಿ ಎಂದು ಹೆಂಗಸರಿಗೆ ಹೇಳುತ್ತಿದ್ದವನ ಎದುರಿಗೆ ಹೂವಪ್ಪ ಆ ಪಾತ್ರೆ ಹಿಡಿದುಕೊಂಡು ಬಂದು ನಿಂತ.

"ಭಾವ, ನಂದೂ ಒಂದು ಅಡುಗೆ ಆಗ್ಬೇಕು ಎಡೆಗೆ."

"ಎಂತದು?"

"ಕ್ಯಾಪ್ಟನ್ ಕೋಳಿ."

ನಾಗರಾಜಪ್ಪನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಅಲ್ಲ ಭಾವ, ಖಾರ ಇಲ್ದಿದ್ರೆ ತುತ್ತು ಇಳೀತಿರ್ಲಿಲ್ಲ ಅವಳಿಗೆ. ಆ ಸಪ್ಪೆದನ್ನ ಜನ್ಮೆಲ್ಲ ಆಡ್ಕಂಡವಳು ಅವಳು. ಈಗ ಎಡೆಗೆ ಅದನ್ನೇ ಇಟ್ರೆ ಎದ್ದು ಹೋಗ್ತಾಳೆ ಅಷ್ಟೇ."

"ಕೊನೆಗೆ ಅದನ್ನೇ ಕೇಳ್ತಿದ್ಲು. ತಟ್ಟೆ ಖಾಲಿ ಮಾಡ್ತಿದ್ಲು. ನಾನೇ ನೋಡಿದೀನಿ." ಅವನಿಗೆ ಉಳಿದಿದ್ದದ್ದು ಅದೊಂದೇ ಸಮಾಧಾನ. ಕೂರಲಿಲ್ಲ, ನಿಜ. ಆದರೆ ಊರಲ್ಲಿ ಯಾರಿಂದಲೂ ಆಗದ್ದು ತನ್ನಿಂದ ಆಗಿತ್ತು, ಕೊನೆಗಾಲದಲ್ಲಿ ಅವಳ ನಾಲಿಗೆಗೆ ರುಚಿಯೆನಿಸಿದ್ದನ್ನು ತಾನು ಕೊಟ್ಟಿದ್ದ. ಅಷ್ಟನ್ನು ಯಾರೂ ಕಸಿದುಕೊಳ್ಳಬಾರದು.

ನಾಗರಾಜಪ್ಪ ಅವನ ಮುಖ ನೋಡಿ, "ಮಾಡಿ, ಮಾಡಿ," ಎಂದು ಮೂರನೆಯ ಒಲೆ ಬಿಟ್ಟುಕೊಟ್ಟ.

ಹೂವಪ್ಪ ಈರುಳ್ಳಿ ಹುರಿದ. ಕೋಳಿ ಬಾಡಿಸಿದ. ಮುಚ್ಚಳ ಮುಚ್ಚಿ ಕೆಂಡ ಸುರಿದ. ನೆಂಟರು ಬಂದು ಮಾತಾಡಿಸುವರು, ಕೈ ಹಿಡಿದು ಅಳುವರು, ಇವನು ಮತ್ತೆ ಒಲೆಗೆ ತಿರುಗುವನು. ಬೆಂದಿತೆಂದು ಪರಿಮಳ ಹೇಳಿದಾಗ ಮುಚ್ಚಳ ತೆಗೆದು, ಸೌಟಿನಿಂದ ರಸ ತೆಗೆದು, ಅಭ್ಯಾಸದಂತೆ ಎಡಗೈಯ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡ. ಬಾಯಿಗೆ ಒಯ್ಯುವಷ್ಟರಲ್ಲಿ ಪಕ್ಕದಲ್ಲಿ ಎಲೆ ಒರೆಸುತ್ತಿದ್ದ ವಿನಯಾ ಅವನ ಮಣಿಕಟ್ಟು ಹಿಡಿದಳು.

"ಅಪ್ಪಯ್ಯ. ಮೀಸಲು."

ಎಡೆಗೆ ಇಡುವ ಮೊದಲು ಬದುಕಿದವರು ರುಚಿ ನೋಡಬಾರದು. ಹೂವಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅಂಗೈಯನ್ನು ಬೂದಿಯಲ್ಲಿ ಒರೆಸಿಕೊಂಡ. ಆದರೆ ಮನಸ್ಸು ತಡೆಯಲಿಲ್ಲ.

"ಉಪ್ಪು ಸರಿಯಾಗಿದ್ಯೋ ಇಲ್ವೋ ಮಗಾ. ಜನರ ಮಧ್ಯೆ ಎಂತ ಹಾಕಿದ್ನೋ ಎಂತ ಬಿಟ್ನೋ ನೆನಪಾಗ್ತಿಲ್ಲ. ಒಂಚೂರು ಹೆಚ್ಚುಕಮ್ಮಿ ಆದ್ರೂ ನಿಮ್ಮಮ್ಮಂಗೆ ಗೊತ್ತಾಗುತ್ತೆ."

ವಿನಯಾಳ ಕೈಯಲ್ಲಿದ್ದ ಬಟ್ಟೆ ನಿಂತಿತು. ಅಷ್ಟು ದಿನ ತಡೆದುಕೊಂಡಿದ್ದಳು, ಇನ್ನೊಂದು ದಿನ ತಡೆಯಬಹುದಿತ್ತೋ ಏನೋ. ಆಗಲಿಲ್ಲ.

"ಅಮ್ಮಂಗೆ ಗೊತ್ತಾಗ್ತಿರ್ಲಿಲ್ಲ ಅಪ್ಪಯ್ಯ," ಎಂದಳು.

"ಎಂತದು?"

"ಉಪ್ಪು, ಸಿಹಿ, ಎಂತದೂ. ಕರೆಂಟ್ ಕೊಟ್ಟ ಮೇಲೆ ನಾಲಿಗೇಲಿ ರುಚಿನೇ ಇರ್ಲಿಲ್ಲ ಅವಳಿಗೆ. ಮಣ್ಣು ಅಗಿದಂಗೆ ಆಗುತ್ತೆ ಅಂತಿದ್ಲು. ಗಂಜಿನೂ ಹಂಗೇ, ನಿಮ್ ಕೋಳಿನೂ ಹಂಗೇ."

ಹೂವಪ್ಪ ಮಗಳನ್ನು ನೋಡಿದ. "ಮತ್ತೆ ತಟ್ಟೆ ಖಾಲಿ ಆಗ್ತಿತ್ತಲ್ಲ?"

"ನುಂಗ್ತಿದ್ಲು. ಒಂದೊಂದ್ ತುತ್ತಿಗೂ ಕಣ್ಣಲ್ಲಿ ನೀರು ಬರ್ತಿತ್ತು. ನೀವು ಅಲ್ಲೇ ಇರ್ತಿದ್ರಿ, ನೋಡ್ಲಿಲ್ವಾ?"

ನೋಡಿರಲಿಲ್ಲ. ಬಾಗಿಲ ಸಂದಿಯಲ್ಲಿ ಅವನು ನೋಡಿದ್ದು ತಟ್ಟೆಯನ್ನು. ಖಾಲಿಯಾದ ತಟ್ಟೆಯನ್ನು ನೋಡಿ ಗೆದ್ದೆ ಎಂದುಕೊಂಡು ಹೋಟೆಲಿಗೆ ಹೋಗಿ ಹೇಳಿ ಬಂದಿದ್ದ.

"ಹಂಗಾರೆ ಯಾಕೆ ಕೇಳ್ತಿದ್ಲು? ಮಾಡ್ರಿ, ಮಾಡ್ರಿ ಅಂತ ದಿನಾ ಯಾಕೆ ಕೇಳ್ತಿದ್ಲು?"

"ನಿಮ್ಮನ್ನ ಒಂದ್ಸಲ ಎದ್ರಿಗೆ ಕೂರಿಸ್ಕಂಡು ಉಣ್ಣಾಕೆ." ವಿನಯಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಗಂಜಿ ಕೊಟ್ರೆ ಕೊಟ್ಟು ಹೋಗ್ತಾರೆ, ಇದನ್ನ ಮಾಡಿದ್ರೆ ಖುಷಿಯಾಗಿರ್ತಾರೆ, ಯಾವತ್ತಾದ್ರೂ ಒಂದಿನ ಬಂದು ಕೂರ್ತಾರೆ ಅಂತಿದ್ಲು. ನಾನು ಹೇಳ್ತೀನಿ ಅಂದ್ರೆ ಬೇಡ ಅಂದ್ಲು. ಹೇಳಿಸ್ಕಂಡು ಕೂತ್ರೆ ಎಂತ ಬಂತು ಅಂದ್ಲು."

ಹೂವಪ್ಪ ಅಳಲಿಲ್ಲ. ಸೌಟನ್ನು ಪಾತ್ರೆಯಲ್ಲಿಟ್ಟು ಮುಚ್ಚಳ ಮುಚ್ಚಿದ. ಅವನ ಕೈಯಿಂದ ಆಗಿದ್ದು ಏನೂ ಇರಲಿಲ್ಲ. ಬರೀ ನೋವು ಕೊಟ್ಟಿದ್ದ, ಅದೂ ತುಪ್ಪ ದ್ರಾಕ್ಷಿ ಹಾಕಿ. ಸಮಾಧಾನವೆಂದು ಇಟ್ಟುಕೊಂಡಿದ್ದ ಒಂದನ್ನೂ ಕಳೆದುಕೊಂಡು ಅವನು ಒಲೆಯೆದುರು ನಿಂತೇ ಇದ್ದ.

ಒಳಕೋಣೆಯಲ್ಲಿ ಅವಳು ಒರಗುತ್ತಿದ್ದ ಗೋಡೆಗೆ ಮಣೆಯಿಟ್ಟು ಅದರ ಮೇಲೆ ಫೋಟೊ ಇಟ್ಟರು. ವಿನಯಾಳ ಮದುವೆಯಲ್ಲಿ ತೆಗೆದದ್ದು, ಬಲಗೆನ್ನೆ ಎಲೆಯಡಿಕೆಯಿಂದ ಉಬ್ಬಿತ್ತು. ಹೊಸ ಸೀರೆ, ಬಳೆ, ಹೂವು. ದೊಡ್ಡ ಬಾಳೆಲೆ. ಕಡುಬು, ಕೆಂಪಗಿನ ಕೋಳಿ ಸಾರು, ಮೀನು, ಕಜ್ಜಾಯ, ಒಂದು ಮೂಲೆಯಲ್ಲಿ ಅನ್ನ, ಅದರ ಪಕ್ಕ ಹಳದಿ ಬಣ್ಣದ ಕ್ಯಾಪ್ಟನ್ ಕೋಳಿ. ನಾಗರಾಜಪ್ಪ ತಾಂಬೂಲದ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನೂ ಇಟ್ಟ. ವಿನಯಾ, "ಮಾವ, ಅದೊಂದು ಬೇಡ," ಎಂದಳು. ಅವನು ಒಂದು ಕ್ಷಣ ಕೈಯಲ್ಲಿ ಹಿಡಿದುಕೊಂಡಿದ್ದು, "ಇಷ್ಟ ಇತ್ತಲ್ಲೇ ಅವಳಿಗೆ," ಎಂದು ಹೇಳಿ, ತಂಗಿಯ ಫೋಟೊ ನೋಡಿ ಬಿಕ್ಕಿ ಬಿಕ್ಕಿ ಅತ್ತ. ಹೊಗೆಸೊಪ್ಪು ಅವನ ಜೇಬಿಗೆ ಹೋಯಿತು.

ದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದ ಮೇಲೆ ನಾಗರಾಜಪ್ಪ ಕಣ್ಣೊರೆಸಿಕೊಂಡು ಎದ್ದ. "ನಡೀರಿ, ಎಲ್ಲಾ ಹೊರಗೆ. ಅವಳು ಬಂದು ಉಣ್ಲಿ."

ಎಡೆಯಿಟ್ಟ ಕೋಣೆಯಲ್ಲಿ ಬದುಕಿದವರು ಇರಬಾರದು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯಬೇಕು. ಹೋದವರು ಬಂದು ಉಂಡು ಹೋಗುವಷ್ಟು ಹೊತ್ತಾದ ಮೇಲೆ ಮನೆಯ ಹಿರಿಯ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಾನೆ. ಹೂವಪ್ಪ ಎಲ್ಲರಿಗಿಂತ ಮೊದಲು ಹೊರಗೆ ಬಂದ. ಬಂದು, ಯಾರೂ ಹೇಳದೆ, ಬಾಗಿಲ ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಿಂತುಕೊಂಡ. ನಾಗರಾಜಪ್ಪ ಬಾಗಿಲು ಎಳೆದ.

ಎಲ್ಲರೂ ಜಗಲಿಗೆ ಹೋಗಿ ಕೂತರು. ಹೂವಪ್ಪನ ಕಣ್ಣು ಸಂದಿಗೆ ಹೋಯಿತು. ಅಲ್ಲಿಂದ ಎಲೆ ಕಾಣುತ್ತಿತ್ತು. ದೀಪದ ಬೆಳಕಲ್ಲಿ ಕ್ಯಾಪ್ಟನ್ ಕೋಳಿಯ ಮೇಲೆ ತುಪ್ಪ ಮಿನುಗುತ್ತಿತ್ತು. ಯಾವ ಕೈಯೂ ಬರಲಿಲ್ಲ. ಅವನು ಇನ್ನಷ್ಟು ಬಗ್ಗಿದ, ಕತ್ತು ತಿರುಗಿಸಿದ, ಎಲೆಯಿಂದ ಮೇಲೆ, ಸೀರೆಯಿಂದ ಮೇಲೆ ನೋಡಿದ. ಉಬ್ಬಿದ ಕೆನ್ನೆಯ ಜಲಜಮ್ಮ ನೇರವಾಗಿ ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು.

ಹೂವಪ್ಪ ಬಾಗಿಲು ತಳ್ಳಿದ.

"ಭಾವ! ಎಂತ ಮಾಡ್ತಿದೀರಿ?" ನಾಗರಾಜಪ್ಪ ಧಾವಿಸಿ ಬಂದು ಅವನ ತೋಳು ಹಿಡಿದ. "ಬದುಕಿರೋರು ಒಳಗಿದ್ರೆ ಅವಳು ಬರಲ್ಲ ಭಾವ. ಹಂಗೆಲ್ಲ ಮಾಡ್ಬಾರ್ದು."

"ನಾನಿದ್ರೇ ಬರೋದು ಅವಳು," ಎಂದ ಹೂವಪ್ಪ. "ಅವಳೇ ಕರ್ದಿದ್ದು."

ನಾಗರಾಜಪ್ಪ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ವಿನಯಾ ಬಂದು ಅವನ ಕೈ ಬಿಡಿಸಿದಳು. "ಬಿಡಿ ಮಾವ," ಎಂದಳು. ಹೂವಪ್ಪ ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡ.

ಎಲೆಯ ಈಚೆ ಬದಿಗೆ, ಫೋಟೊಗೆ ಎದುರಾಗಿ ನಿಂತ. ಕೂರುವುದು ಅವನಿಗೆ ಈಗಲೂ ಸುಲಭವಾಗಲಿಲ್ಲ. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ನಿಧಾನವಾಗಿ ನೆಲಕ್ಕಿಳಿದು ಚಕ್ಕಲುಬಕ್ಕಲು ಹಾಕಿ ಕೂತ. ಬೇರೆ ಎಲೆ ಇರಲಿಲ್ಲ. ಮದುವೆಯ ದಿನದ ಹಾಗೆ ಅದೇ ಎಲೆಗೆ ಕೈಯಿಟ್ಟ. ಅವಳ ಮುಖ ನೋಡುತ್ತ ಅನ್ನಕ್ಕೆ ಕ್ಯಾಪ್ಟನ್ ಕೋಳಿಯ ರಸ ಕಲಸಿ, ಜೀವಮಾನದಲ್ಲಿ ಮೊದಲ ಸಲ, ತಾನು ಮಾಡಿದ್ದನ್ನು ತುತ್ತು ಮಾಡಿ ಬಾಯಿಗಿಟ್ಟ.

ಉಪ್ಪಿರಲಿಲ್ಲ.

ಹಾಕಿಯೇ ಇರಲಿಲ್ಲ. ತುತ್ತು ಬಾಯಲ್ಲಿ ಹೊರಳಿತು. ಯಾವ ರುಚಿಯೂ ಇಲ್ಲದ ಅನ್ನ, ಯಾವ ರುಚಿಯೂ ಇಲ್ಲದ ಮಾಂಸ. ಮೊದಲು ಅವನಿಗೆ ನಾಚಿಕೆಯಾಯಿತು. ಆಮೇಲೆ, ಇದನ್ನೇ ಅವಳು ದಿನಾ ಉಂಡದ್ದು ಎಂದು ಹೊಳೆಯಿತು. ಸುಟ್ಟ ಬಾಯಲ್ಲಿ, ಇದನ್ನೇ, ತಟ್ಟೆ ಖಾಲಿಯಾಗುವ ತನಕ.

ಹೂವಪ್ಪ ನುಂಗಿದ. ಕಣ್ಣಲ್ಲಿ ನೀರು ಇಳಿದು ಗಡ್ಡಕ್ಕೆ ಬಂತು. ಒರೆಸಿಕೊಳ್ಳಲಿಲ್ಲ, ಇನ್ನೊಂದು ತುತ್ತು ಕಲಸಿದ. ಎಲೆಯ ಆಚೆ ಬದಿಗೂ ಒಂದು ತುತ್ತು ಸರಿಸಿದ.

ಹೊರಗೆ ನಾಗರಾಜಪ್ಪ ಕೆಮ್ಮಿದ. ಬಾಗಿಲು ತಟ್ಟಿದ. ಹೊತ್ತಾಯಿತು ಭಾವ, ಎಂದ.

"ಉಪ್ಪು ಹಾಕಿಲ್ಲ ಕಣೇ ಜಲಜಾ," ಎಂದ ಹೂವಪ್ಪ ಮೆಲ್ಲಗೆ. "ನಿಧಾನಕ್ಕೆ ಉಣ್ಣು. ನಾನು ಇಲ್ಲೇ ಕೂತಿದೀನಿ."